ಎಚ್‌ಟಿಸಿ ಡ್ರೀಮ್: ಕೀಲಿಮಣೆಯ ಗುಪ್ತದ್ವಾರ

2008ರ ಅಕ್ಟೋಬರಿನಲ್ಲಿ ಅಮೆರಿಕೆಯಲ್ಲಿ ಟಿ-ಮೊಬೈಲ್ ಜಿ1 ಎಂಬ ಹೆಸರಿನಿಂದ ಮಾರಾಟಕ್ಕೆ ಬಂದ ಈ ಫೋನು ಆಂಡ್ರಾಯ್ಡ್ ತಂತ್ರಾಂಶವನ್ನು ಹೊತ್ತು ಜನರ ಕೈಸೇರಿದ ಮೊತ್ತಮೊದಲನೆಯ ಯಂತ್ರವಾಗಿದ್ದು, ಪರದೆಯನ್ನು ಸರಿಸಿದೊಡನೆ ಅದರಡಿಯಿಂದ ಪೂರ್ಣ ಕೀಲಿಮಣೆಯೊಂದು ಹೊರತೋರುತ್ತಿತ್ತು.

ಆರಂಭದ ದಿನಗಳಲ್ಲಿ ಈ ಕೀಲಿಮಣೆಯ ಮೇಲೆ ಒತ್ತಿದ ಪ್ರತಿಯೊಂದಕ್ಷರವೂ, ತೆರೆಯ ಮೇಲೆ ಮೂಡುವುದರ ಜೊತೆಗೆ, ಯಂತ್ರದ ಮೇಲೆ ಸರ್ವಾಧಿಕಾರವುಳ್ಳ ಆಜ್ಞಾವ್ಯವಸ್ಥೆಯೊಂದಕ್ಕೂ ಒಳಗಿಂದೊಳಗೇ ತಲಪುತ್ತಿದ್ದುದರಿಂದ, ಎಂಟರ್ ಗುಂಡಿಯೊತ್ತಿ ಹೊಸ ಸಾಲಿನಲ್ಲಿ ‘ರೀಬೂಟ್’ ಎಂಬ ಇಂಗ್ಲಿಷ್ ಪದವನ್ನು ಬರೆದು ಮತ್ತೆ ಎಂಟರ್ ಒತ್ತಿದವನ ಫೋನು, ಅವನು ಮಿತ್ರನಿಗೆ ಸಂದೇಶ ಬರೆಯುತ್ತಿದ್ದರೂ ಸರಿಯೆ, ನಿಜವಾಗಿಯೂ ಆರಿ ಮರಳಿ ಹೊತ್ತಿಕೊಳ್ಳುತ್ತಿತ್ತು. ಇಷ್ಟು ವಿನೋದಕರವಾದ ಪ್ರಮಾದವು ತಂತ್ರಾಂಶದ ಚರಿತ್ರೆಯಲ್ಲಿ ವಿರಳವೆನ್ನಬೇಕು. ನವೆಂಬರಿನ ಪರಿಷ್ಕರಣವು ಈ ದ್ವಾರವನ್ನು ಮುಚ್ಚಿತಾದರೂ, ಉತ್ಸಾಹಿಗಳು ಹಳೆಯ ಆವೃತ್ತಿಯನ್ನು ಮೆಮೊರಿ ಕಾರ್ಡಿನಲ್ಲಿರಿಸಿ ಫೋನನ್ನು ಪೂರ್ವಸ್ಥಿತಿಗೊಯ್ದು, ಅದೇ ರಂಧ್ರದಿಂದ ಒಳಹೊಕ್ಕು, ತಮ್ಮಿಚ್ಛೆಯ ತಂತ್ರಾಂಶವನ್ನು ಪ್ರತಿಷ್ಠಾಪಿಸತೊಡಗಿದರು.

ಅಂಥವುಗಳಲ್ಲಿ ಸ್ಟೀವ್ ಕಾಂಡಿಕ್ 2009ರಲ್ಲಿ ಆರಂಭಿಸಿದ ಸೈನೋಜನ್‌ಮಾಡ್ ಅಗ್ರಗಣ್ಯವಾದುದು. ಕೇವಲ 192 ಮೆಗಾಬೈಟ್ ರ್‍ಯಾಮ್ ಉಳ್ಳ ಈ ಬಡಯಂತ್ರಕ್ಕೆ ಅಧಿಕೃತವಾಗಿ ಆಂಡ್ರಾಯ್ಡ್ 1.6ರಿಂದ ಮುಂದಕ್ಕೆ ಭಾಗ್ಯವಿರಲಿಲ್ಲ. ಆದರೆ ಆಪ್‌ಗಳನ್ನು ಕಾರ್ಡಿಗೆ ಸ್ಥಳಾಂತರಿಸಿ, ತಗ್ಗಿಸಿಟ್ಟಿದ್ದ ಪ್ರೊಸೆಸರಿನ ವೇಗವನ್ನು 528 ಮೆಗಾಹರ್ಟ್ಸ್‌ವರೆಗೆ ಏರಿಸಿ, ಈ ಕುಶಲಿಗಳು ಅದರಲ್ಲಿ 2.2ನ್ನೂ ನಡೆಸಿದರು, ತುಸು ಏದುಸಿರು ಬಿಡುತ್ತಿದ್ದಿತಷ್ಟೆ. 2009ರ ಸೆಪ್ಟೆಂಬರಿನಲ್ಲಿ ಗೂಗಲ್ ಸಂಸ್ಥೆಯು ತನ್ನ ಸ್ವಾಮ್ಯದ ಆಪ್‌ಗಳ ವಿತರಣೆಯನ್ನು ಆಕ್ಷೇಪಿಸಿ ಕಾಂಡಿಕ್‌ಗೆ ಕಾನೂನಿನ ಪತ್ರವನ್ನು ಕಳುಹಿಸಲು, ಜಿಮೇಲ್, ಮ್ಯಾಪ್ಸ್ ಮೊದಲಾದವನ್ನು ತೆಗೆದುಹಾಕಿ ಉಳಿದುದನ್ನು ಮಾತ್ರ ಹಂಚುವ ಪದ್ಧತಿಯು ರೂಢಿಗೆ ಬಂದಿತು.