ಮಂಡಿಪೇಟೆಯಲ್ಲಿ ಇಂಟರ್‌ವ್ಯೂ ಇರಲಿಲ್ಲ

ಮಂಡಿಪೇಟೆಯ ದಲಾಲಿ ಅಂಗಡಿಯಲ್ಲಿ ಕೆಲಸಕ್ಕೆ ಸೇರೋಕೆ ರೆಸ್ಯೂಮೆ ಬೇಕಿರಲಿಲ್ಲ. ನಮ್ಮಜ್ಜ ಅಲ್ಲಿ ಗುಮಾಸ್ತರಾಗಿ ಸೇರಿದಾಗ ಸಾಹುಕಾರರು ಕೇಳಿದ್ದು ಎರಡೇ ಪ್ರಶ್ನೆಯಂತೆ: "ಯಾವೂರು? ಯಾರ ಕಡೆಯವ?" ಉತ್ತರ ಸರಿಬಂದರೆ ಮಾರನೇ ದಿನದಿಂದಲೇ ಗಾದಿಯ ಪಕ್ಕ ಕೂತು ಖಾತೆ ಬರೆಯೋದು. ಗೊತ್ತಿದ್ದವರ ಮಾತೇ ಸರ್ಟಿಫಿಕೇಟು, ಅದೇ ಜಾಮೀನು. ನಾವು ಇವತ್ತು ಹಳೇ ಕ್ಲಾಸ್‌ಮೇಟ್‌ಗಳಿಗೆ ಮೆಸೇಜ್ ಹಾಕಿ "ಒಂದು ರೆಫರಲ್ ಕೊಡು ಮಾರಾಯ" ಅಂತ ಗೋಗರೆಯೋದು ಇದನ್ನೇ. ಆದರೆ ಆ ಪದ್ಧತಿಯನ್ನು ನೆನೆದು ಕಣ್ಣೊರೆಸಿಕೊಳ್ಳುವಂಥದ್ದೇನೂ ಇಲ್ಲ. ಯಾರ ಕಡೆಯವನೂ ಅಲ್ಲದವನಿಗೆ ಅಲ್ಲಿ ಉಳಿಯುತ್ತಿದ್ದದ್ದು ಮೂಟೆ ಹೊರುವ ಕೆಲಸ.

ದಾವಣಗೆರೆ ಬೆಳೆದದ್ದೇ ಹೀಗೆ ಕರೆಸಿಕೊಂಡವರಿಂದ. ಹೈದರ್ ಅಲಿ ಈ ಪುಟ್ಟ ಹಳ್ಳಿಯನ್ನು ಒಬ್ಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವ್ಯಾಪಾರಸ್ಥರನ್ನು ಕರೆದು ನೆಲೆಗೊಳಿಸಿದ. ವ್ಯಾಪಾರಸ್ಥರ ಹಿಂದೆ ಗುಮಾಸ್ತರು, ಗಾಡಿಯವರು, ಹಮಾಲರು ಬಂದರು. ಇಪ್ಪತ್ತನೇ ಶತಮಾನದಲ್ಲಿ ಹತ್ತಿ ಗಿರಣಿಗಳು ಎದ್ದಮೇಲಂತೂ ಊರಿಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನೋ ಬಿರುದೇ ಅಂಟಿತು. ಸುತ್ತಲ ಹಳ್ಳಿಯವರು ಕೆಲಸ ಹುಡುಕಿ ಇಲ್ಲಿಗೆ ಬರೋದು ರೂಢಿ. ಇಲ್ಲಿಂದ ಕೆಲಸ ಹುಡುಕಿ ಬೇರೆ ಕಡೆ ಹೋಗೋದು ಅಜ್ಜನಿಗೆ ಅರ್ಥವೇ ಆಗದ ಮಾತಾಗಿತ್ತು.

ಪಕ್ಕದ ಹರಿಹರದ ಕಥೆ ಬೇರೆ. ಅದು ಗಡಿಯ ಊರು. 1956ರ ಏಕೀಕರಣದವರೆಗೂ ತುಂಗಭದ್ರೆಯ ಈ ದಡ ಮೈಸೂರು, ಆ ದಡ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆ. 1868ರಲ್ಲಿ ಕಲ್ಲು-ಇಟ್ಟಿಗೆಯ ಸೇತುವೆ ಮುಗಿದಮೇಲೆ ಬೆಂಗಳೂರು-ಧಾರವಾಡದ ಹೆದ್ದಾರಿ ಇದೇ ಊರಿನ ಮೇಲೆ ಹಾದುಹೋಯಿತು. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ತಯಾರಾಗಿದ್ದು ಲೇತ್‌ಗಳು, ಅಂದರೆ ಮಿಕ್ಕ ಯಂತ್ರಗಳ ಬಿಡಿಭಾಗಗಳನ್ನು ಕಡೆದು ಕೊಡುವ ಯಂತ್ರಗಳು.

ಈ ಕಿರ್ಲೋಸ್ಕರ್ ಮನೆತನದ ಮೂಲದಲ್ಲೇ ಒಂದು ನೌಕರಿಯ ಕಥೆಯಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದರು. ತಮಗೆ ಸಿಗಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್‌ಗೆ ಹೋದಾಗ ರಾಜೀನಾಮೆ ಬಿಸಾಕಿ ಬೆಳಗಾವಿಗೆ ವಾಪಸಾದರು. ಸೈಕಲ್ ಮಾರಿದರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತೆ ಅಂತ ರೈತರು ಹೆದರಿದ್ದರಿಂದ ಅದನ್ನು ಮಾರೋದೇ ಒಂದು ಸಾಹಸವಾಯಿತು. 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಕೊಟ್ಟ ಬರಡು ಜಾಗದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಬಡ್ತಿ ಸಿಕ್ಕಿದ್ದರೆ ಹರಿಹರದಲ್ಲಿ ಲೇತ್ ಇರುತ್ತಿತ್ತೋ ಇಲ್ಲವೋ!

ಮಂಡಿಯಲ್ಲಿ ಇಲ್ಲದ ಒಂದು ಪದ್ಧತಿ ಈ ಕಾರ್ಖಾನೆಗಳ ಜೊತೆ ಬಂತು: ಟ್ರೇಡ್ ಟೆಸ್ಟ್. ಇಲ್ಲಿ ಯಾರ ಮಗ ಅನ್ನೋದಕ್ಕಿಂತ ಸೈಜ್ ಎಷ್ಟು ಕರೆಕ್ಟಾಗಿ ಬಂತು ಅನ್ನೋದು ಮುಖ್ಯ. ನಮ್ಮಪ್ಪ ಅಜ್ಜನ ಗಾದಿ ಬೇಡ ಅಂತ ಐಟಿಐ ಮಾಡಿ, ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್ ಆದರು. ಅಜ್ಜ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರಂತೆ.

1991ರ ಉದಾರೀಕರಣ ಅಂದರೆ ನಮ್ಮ ತಲೆಮಾರಿಗೆ ಕೇಬಲ್ ಟಿವಿ, ಸಾಫ್ಟ್‌ವೇರ್, ಬೆಂಗಳೂರು. ಹರಿಹರಕ್ಕೆ ಅದು ಬೇರೆಯೇ ಥರ ಬಂತು. ಕಂಪ್ಯೂಟರ್‌ನಿಂದ ಓಡುವ ಸಿಎನ್‌ಸಿ ಯಂತ್ರಗಳ ಆಮದು ಸಲೀಸಾಯಿತು, ಕೈಯಿಂದ ಹ್ಯಾಂಡಲ್ ತಿರುಗಿಸುವ ಲೇತ್‌ಗಳಿಗೆ ಬೇಡಿಕೆ ಇಳಿಯಿತು. ಅಪ್ಪನ ವರ್ಕ್‌ಶಾಪಿಗೆ ಆರ್ಡರ್ ನಿಂತು, ವಾರಕ್ಕೆ ಮೂರು ದಿನ ಕೆಲಸ ಅಂತಾಯಿತು. 1998ರಲ್ಲಿ ಪುಣೆಯ ಒಂದು ಕಂಪನಿಯಿಂದ ಇಂಟರ್‌ವ್ಯೂ ಕಾಗದ ಬಂದಾಗ ಅಪ್ಪನಿಗೆ ನಲವತ್ತಮೂರು.

ಅವರೊಬ್ಬರೇ ಬಸ್ಸು ಹತ್ತಬಹುದಿತ್ತು. ಅಮ್ಮ ಒಪ್ಪಲಿಲ್ಲ. "ಊರು ನೋಡದೆ ಹ್ಞೂಂ ಅನ್ನಾಕಾಗಲ್ಲ ಕಣ್ರೀ. ಬಾಡಿಗೆ ಎಷ್ಟೋ, ನೀರು ಹೆಂಗೋ." ಹಾಗಾಗಿ ಮಾಮನ ಓಮ್ನಿಯಲ್ಲಿ ಅಪ್ಪ, ಅಮ್ಮ, ಅಕ್ಕ, ನಾನು, ಜೊತೆಗೆ ಮಂಡಿಪೇಟೆಯಿಂದ ತಂದ ಒಂದು ಚೀಲ ಮಂಡಕ್ಕಿ. 600 ಕಿ.ಮೀ. ಹತ್ತಿರದ ದಾರಿ. ಸುವರ್ಣ ಚತುಷ್ಪಥದ ಕಾಮಗಾರಿಗೆ ಮುಂಚಿನ ಕಾಲ; ಎದುರಿಂದ ಲಾರಿ ಬಂದರೆ ಮಾಮ ಓಮ್ನಿಯನ್ನು ಮಣ್ಣಿಗಿಳಿಸುತ್ತಿದ್ದ. ಹರಿಹರೇಶ್ವರನಿಗೆ ಕೈಮುಗಿದು ಹೊಳೆ ದಾಟಿದ್ದು ನೆನಪಿದೆ. ಹಾವೇರಿ, ಹುಬ್ಬಳ್ಳಿ ಬರೋಷ್ಟರಲ್ಲಿ ಅಕ್ಕ ಎರಡು ಸಲ ವಾಂತಿ ಮಾಡಿಕೊಂಡಿದ್ದಳು.

ಧಾರವಾಡ ದಾಟಿದಮೇಲೆ ಮಾಮ ಇಂಟರ್‌ವ್ಯೂ ಪ್ರಾಕ್ಟೀಸ್ ಶುರುಮಾಡಿಸಿದ. "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್." ಅಪ್ಪ ಗಂಟಲು ಸರಿಮಾಡಿಕೊಂಡು, ನಮ್ಮ ತಂದೆ ಮಂಡಿಪೇಟೆಯಲ್ಲಿ ಗುಮಾಸ್ತರು, ನಮ್ಮ ಮೂಲ ಇಂಥ ಊರು ಅಂತ ಶುರುಮಾಡಿದರು.

"ಯಾರ ಮಗ ಅಂತ ಕೇಳ್ತಿಲ್ಲ ಭಾವ. ನೀವೇನು ಮಾಡ್ತೀರಿ ಅಂತ ಹೇಳ್ರಿ."

ಅಪ್ಪ ಬೆಳಗಾವಿಯವರೆಗೂ ಕಿಟಕಿಯಾಚೆ ನೋಡುತ್ತಾ ಕೂತರು. ಇಪ್ಪತ್ತು ವರ್ಷ ಲೇತ್ ಮುಂದೆ ನಿಂತ ಮನುಷ್ಯ. ಅಜ್ಜನ ಮಂಡಿಯನ್ನು ಬಿಟ್ಟು ಬಂದರೂ ಅದರ ಪ್ರಶ್ನೆಗೇ ಉತ್ತರ ಹೇಳುತ್ತಿದ್ದರು. ನಿಪ್ಪಾಣಿ ದಾಟಿ ಬೋರ್ಡುಗಳು ಮರಾಠಿಗೆ ತಿರುಗಿದಮೇಲೆ ಅವರೇ ಮೆಲ್ಲಗೆ ಹೇಳಿಕೊಳ್ಳುವುದು ಕೇಳಿಸಿತು: "ಐ ಆ್ಯಮ್ ಟರ್ನರ್. ಥ್ರೆಡ್ ಕಟಿಂಗ್, ಟೇಪರ್ ಟರ್ನಿಂಗ್, ಆಲ್."

ರಾತ್ರಿ ಕೊಲ್ಹಾಪುರದಲ್ಲಿ ತಂಗಿ, ಮರುದಿನ ಪುಣೆ ಮುಟ್ಟಿದೆವು. ಅದರ ಮಾರನೇ ಬೆಳಿಗ್ಗೆ ಅಪ್ಪ ಒಳಗೆ ಹೋದರು. ನಾವು ಗೇಟಿನಾಚೆ ಮರದ ಕೆಳಗೆ ಮಂಡಕ್ಕಿ ತಿನ್ನುತ್ತಾ ನಾಲ್ಕು ತಾಸು ಕಾದೆವು. ಅಷ್ಟೆಲ್ಲ ಉರುಹೊಡೆದ ಇಂಗ್ಲಿಷನ್ನು ಯಾರೂ ಕೇಳಲಿಲ್ಲವಂತೆ. ಡ್ರಾಯಿಂಗ್ ಕೊಟ್ಟು ಒಂದು ಲೇತ್ ತೋರಿಸಿದರಂತೆ. ಅದು ಹರಿಹರದಲ್ಲೇ ತಯಾರಾದ ಯಂತ್ರ. "ಲಿವರ್ ಎಲ್ಲೆಲ್ಲಿದೆ ಅಂತ ನೋಡೋ ಕೆಲಸವೇ ಬೀಳಲಿಲ್ಲ" ಅಂದರು ಅಪ್ಪ. ಆಮೇಲೆ ಸಿಎನ್‌ಸಿ ಬರುತ್ತಾ ಅಂತ ಕೇಳಿದರಂತೆ. ಬರಲ್ಲ, ಕಲೀತೀನಿ ಅಂದರಂತೆ.

ಆರು ತಿಂಗಳ ಪ್ರೊಬೇಷನ್ ಮೇಲೆ ತಗೊಂಡರು. ಅಮ್ಮ ಅಷ್ಟರಲ್ಲಿ ಅಕ್ಕಪಕ್ಕದ ಎರಡು ವಠಾರ ವಿಚಾರಿಸಿ ಲೆಕ್ಕ ಹಾಕಿಯಾಗಿತ್ತು: ಬಾಡಿಗೆಗೇ ಅರ್ಧ ಸಂಬಳ. ಅಪ್ಪ ಒಬ್ಬರೇ ಹೋಗೋದು, ನಾವು ಶಾಲೆಯ ವರ್ಷ ಮುಗಿಸಿ ಜೂನ್‌ಗೆ ಹೋಗೋದು ಅಂತಾಯಿತು. ವಾಪಸ್ ದಾರಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಅಜ್ಜ ಸುದ್ದಿ ಕೇಳಿ, "ಅಲ್ಲಿ ನಮ್ಮೋರು ಯಾರಿದ್ದಾರೆ?" ಅಂದರು.

ಹೊಸ ಶತಮಾನದ ಶುರುವಿನಲ್ಲಿ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿತು. ಕಿರ್ಲೋಸ್ಕರವಾಡಿ ಕಡೆಯಿಂದ ಕೆಲಸ ಹರಿಹರಕ್ಕೆ ಇಳಿದುಬಂದಿದ್ದ ಅದೇ ರಸ್ತೆಯಲ್ಲಿ ಈಗ ಕೆಲಸಗಾರರು ಮೇಲಕ್ಕೆ ಹೊರಟರು. ಹೆಚ್ಚಿನವರು ಬೆಂಗಳೂರಿನ ಪೀಣ್ಯಕ್ಕೆ ಹೋಗಿರಬೇಕು, ಕೆಲವರು ಪುಣೆಗೆ. ಅಷ್ಟರಲ್ಲಿ ಅಪ್ಪ ಸಿಎನ್‌ಸಿ ಕಲಿತಿದ್ದರು. ಒಂದು ದಿನ ಅವರ ಫೋರ್‌ಮನ್, "ನಿಮ್ಮ ಕಡೆ ಇನ್ನೂ ಯಾರಾದರೂ ಒಳ್ಳೇ ಟರ್ನರ್ ಇದ್ದಾರಾ?" ಅಂತ ಕೇಳಿದರಂತೆ. ಅಪ್ಪನ ಮಾತಿನ ಮೇಲೆ ಮೂವರು ಬಂದರು. ರೂಮು ಸಿಗುವವರೆಗೆ ನಮ್ಮ ಹಾಲ್‌ನಲ್ಲೇ ಮಲಗುತ್ತಿದ್ದರು. ಅಮ್ಮ ದಿನಾ ಸಂಜೆ ಮೂವತ್ತು ರೊಟ್ಟಿ ಬಡಿಯುತ್ತಿದ್ದಳು.