ಮಂಡ್ಯ ಜಿಲ್ಲೆಯಲ್ಲಿ ಜಾನುವಾರು ಸಂವರ್ಧನೆ ಮತ್ತು ಕಾನೂನು

ಮಂಡ್ಯ ಜಿಲ್ಲೆಯು ಹಳ್ಳಿಕಾರ್ ದನ ಮತ್ತು ಬಂಡೂರು ಕುರಿ ಎಂಬ ಎರಡು ದೇಸಿ ತಳಿಗಳಿಗೆ ಹೆಸರಾದ ಪ್ರದೇಶವಾಗಿದೆ. ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲೂಕುಗಳಲ್ಲಿ ಜಾನುವಾರುಗಳ ಸಂವರ್ಧನೆ, ಮಾರಾಟ, ಸಾಗಾಟ, ದುಡಿಮೆ ಹಾಗೂ ವಧೆಗೆ ಸಂಬಂಧಿಸಿದಂತೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಹಲವು ಕಾಯ್ದೆಗಳು ಅನ್ವಯವಾಗುತ್ತವೆ. ಇವುಗಳಲ್ಲಿ ಹೆಚ್ಚಿನವು ಪ್ರಾಣಿಯ ಸಾಗಾಟ ಮತ್ತು ವಧೆಯನ್ನು ಕುರಿತವು. ತಳಿಯ ಉಳಿವನ್ನು ಕುರಿತ ಕಟ್ಟುಪಾಡುಗಳು ಕಡಿಮೆ. ಆ ಹೊಣೆ ಬಹುಮಟ್ಟಿಗೆ ಸಾಕಣೆದಾರರ ಮೇಲೆಯೇ ಉಳಿದಿದೆ.

ಪ್ರಮುಖ ತಳಿಗಳು

ಹಳ್ಳಿಕಾರ್ ದಕ್ಷಿಣ ಕರ್ನಾಟಕದ ದುಡಿಮೆಯ ದನದ ತಳಿ. ಬೂದು ಅಥವಾ ಕಡುಬೂದು ಬಣ್ಣ, ಬುಡದಲ್ಲಿ ಒತ್ತಾಗಿದ್ದು ಹಿಂದಕ್ಕೆ ಸಾಗಿ ತುದಿಯಲ್ಲಿ ಮುಂದಕ್ಕೆ ಬಾಗಿದ ಉದ್ದನೆಯ ಕೊಂಬು ಮತ್ತು ಬಿಗಿಯಾದ ಮೈಕಟ್ಟು ಇದರ ಲಕ್ಷಣಗಳು. ಉಳುಮೆಗೂ ಗಾಡಿಗೂ ಹೆಸರಾದ ಈ ತಳಿಯ ಹಸುಗಳು ಕೊಡುವ ಹಾಲು ಕಡಿಮೆ. ಭಾರತೀಯ ಅಂಚೆ ಇಲಾಖೆಯು 2000ದಲ್ಲಿ ಹಳ್ಳಿಕಾರ್ ತಳಿಯ ಅಂಚೆಚೀಟಿಯನ್ನು ಹೊರತಂದಿದೆ.

ಬಂಡೂರು ಕುರಿಯು ಮಳವಳ್ಳಿ ತಾಲೂಕಿನ ಬಂಡೂರು ಗ್ರಾಮದಿಂದ ಹೆಸರು ಪಡೆದಿದೆ. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲೂಕಿನ ಬನ್ನೂರಿನ ಹೆಸರಿನಿಂದ ಇದನ್ನು ಬನ್ನೂರು ಕುರಿ ಎಂದೂ ಕರೆಯುತ್ತಾರೆ. ಸರ್ಕಾರಿ ದಾಖಲೆಗಳಲ್ಲಿ ಇದರ ಹೆಸರು ಮಂಡ್ಯ ತಳಿ. ಬಿಳಿಯ ಮೈ, ಕೆಲವಕ್ಕೆ ಮುಖದಿಂದ ಕುತ್ತಿಗೆಯವರೆಗೆ ಹರಡಿದ ತೆಳುಗಂದು ಬಣ್ಣ, ಕೊಂಬಿಲ್ಲದ ತಲೆ, ಎಲೆಯಂತೆ ಜೋತುಬಿದ್ದ ಕಿವಿ ಹಾಗೂ ಗಿಡ್ಡ ಕಾಲುಗಳು ಇದರ ಗುರುತುಗಳು. ಹಿಂದಿನಿಂದ ನೋಡಿದಾಗ ತೊಡೆಗಳ ನಡುವಿನ ಆಕಾರವು ಇಂಗ್ಲಿಷಿನ ಯು ಅಕ್ಷರವನ್ನು ತಲೆಕೆಳಗಾಗಿಸಿದಂತೆ ಕಾಣುತ್ತದೆ. ಇದು ಉಣ್ಣೆಯ ತಳಿಯಲ್ಲ, ಮಾಂಸದ ತಳಿ.

ಐತಿಹಾಸಿಕ ಹಿನ್ನೆಲೆ

ಈ ಪ್ರದೇಶದಲ್ಲಿ ದನಗಳ ಸಂವರ್ಧನೆಯನ್ನು ಆಡಳಿತವೇ ಕೈಗೆತ್ತಿಕೊಂಡ ಇತಿಹಾಸ ಹಳೆಯದು. ಮೈಸೂರಿನ ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದ ಕೊನೆಯ ಭಾಗದಲ್ಲಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನು ವ್ಯವಸ್ಥೆಗೊಳಿಸಿದರು. ಅರಮನೆಗೆ ಹಾಲು ಮತ್ತು ಬೆಣ್ಣೆ ಒದಗಿಸುವ ಈ ಹಿಂಡುಗಳನ್ನು ಹೈದರ್ ಅಲಿ ಸೈನ್ಯದ ಸಾಮಾನು ಸಾಗಿಸಲು ಬಳಸಿಕೊಂಡನು. ಟಿಪ್ಪು ಸುಲ್ತಾನನು ಇಲಾಖೆಗೆ 'ಅಮೃತ ಮಹಲ್' ಎಂದು ಹೆಸರಿಟ್ಟು, ಅದರ ನಿರ್ವಹಣೆಗೆ ಹುಕುಂನಾಮೆಯನ್ನು ಹೊರಡಿಸಿದನು. ಹಿಂಡುಗಳಿಗೆ ಕಾವಲು ಎಂಬ ಮೀಸಲು ಹುಲ್ಲುಗಾವಲುಗಳಿದ್ದವು. 1860ರಲ್ಲಿ ಬ್ರಿಟಿಷ್ ಆಡಳಿತವು ಮಿತವ್ಯಯಕ್ಕಾಗಿ ಹಿಂಡುಗಳನ್ನು ಮಾರಿತು. ಉತ್ತಮ ದನಗಳ ಕೊರತೆ ಕಂಡುಬಂದ ಮೇಲೆ ಅದೇ ದಶಕದಲ್ಲಿ ಅವನ್ನು ಮತ್ತೆ ಕಟ್ಟಬೇಕಾಯಿತು. ಅಮೃತ ಮಹಲ್ ತಳಿಯ ಮೂಲದಲ್ಲಿ ಹಳ್ಳಿಕಾರ್ ದನಗಳಿವೆ.

ಹಳ್ಳಿಗಳ ಮಟ್ಟದಲ್ಲಿ ದೇವರಿಗೆ ಬಿಟ್ಟ ಬಸವ ಊರಿನ ಹಸುಗಳಿಗೆ ಬೀಜದ ಹೋರಿಯೂ ಆಗುತ್ತಿತ್ತು. ಸಾಮಾನ್ಯವಾಗಿ ಲಕ್ಷಣವಾದ ಹೋರಿಕರುವನ್ನೇ ದೇವರಿಗೆ ಬಿಡುತ್ತಿದ್ದುದರಿಂದ ಈ ಪದ್ಧತಿಯು ತಳಿ ಆಯ್ಕೆಯ ಕೆಲಸವನ್ನೂ ಮಾಡುತ್ತಿತ್ತು. ಮದ್ದೂರು ಮತ್ತು ಮಂಡ್ಯ ತಾಲೂಕುಗಳಲ್ಲಿ ದೇವರ ಬಸವಗಳಿಗೆ ಇಂದಿಗೂ ವಿಶೇಷ ಗೌರವವಿದೆ.

ಸಂವರ್ಧನೆಯ ನಿಯಂತ್ರಣ

ಸಂವರ್ಧನೆಯನ್ನು ಪರವಾನಗಿಯ ವ್ಯಾಪ್ತಿಗೆ ತರಲು ರಾಜ್ಯದಲ್ಲಿ 1961ರಲ್ಲಿ ಜಾನುವಾರು ಅಭಿವೃದ್ಧಿ ಕಾಯ್ದೆಯನ್ನು ರೂಪಿಸಲಾಯಿತು. ಗೊತ್ತುಪಡಿಸಿದ ವಯಸ್ಸು ದಾಟಿದ ಹೋರಿಯನ್ನು ಪರವಾನಗಿ ಪಡೆದು ಸಾಕಬೇಕು, ಇಲ್ಲವಾದರೆ ಅದರ ಬೀಜ ಒಡೆಸಬೇಕು ಎಂಬುದು ಇಂತಹ ಕಾಯ್ದೆಗಳ ತಿರುಳು. ಕೃತಕ ಗರ್ಭಧಾರಣೆ ಹಳ್ಳಿಗಳನ್ನು ತಲುಪಿದ ಮೇಲೆ ಆಯ್ಕೆಯ ಕೇಂದ್ರವು ಊರಿನ ಹೋರಿಯಿಂದ ವೀರ್ಯ ಕೇಂದ್ರಗಳಿಗೆ ಸರಿಯಿತು. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನಾ ಸಂಸ್ಥೆಯಿದೆ. ಹಳ್ಳಿಕಾರ್ ತಳಿಗಾಗಿ ತುಮಕೂರು ಜಿಲ್ಲೆಯ ಕುಣಿಕೇನಹಳ್ಳಿಯಲ್ಲಿ ರಾಜ್ಯದ ಸಂವರ್ಧನಾ ಕೇಂದ್ರವಿದೆ.

ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲಿ ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ಕೇಂದ್ರ ಕಚೇರಿಯಿದೆ. ಹಾಲಿನ ಸಹಕಾರ ಸಂಘಗಳು ಬೆಳೆದಂತೆ ರೈತರು ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸುಗಳತ್ತ ತಿರುಗಿದರು. ಉಳುಮೆಗೆ ಟ್ರ್ಯಾಕ್ಟರ್ ಬಂದಿತು. ಇವೆರಡರಿಂದಲೂ ಹಳ್ಳಿಕಾರ್ ಸಾಕಣೆಗೆ ಹಿನ್ನಡೆಯಾಗಿದೆ.

ಕುರಿಗಳ ಸ್ಥಿತಿ ಬೇರೆ. ಹೋರಿಗೆ ಕಲ್ಪಿಸಿದ ಪರವಾನಗಿಯಂತಹ ವ್ಯವಸ್ಥೆ ಟಗರಿಗೆ ಆಚರಣೆಯಲ್ಲಿಲ್ಲ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಕೇಂದ್ರವು ಹಳ್ಳಿಕಾರ್ ಮತ್ತು ಮಂಡ್ಯ ತಳಿಗಳನ್ನು ನೋಂದಾಯಿಸಿದೆ. ಆದರೆ ಈ ನೋಂದಣಿ ತಳಿಗೆ ಸಂಬಂಧಿಸಿದ್ದೇ ಹೊರತು ಒಂದೊಂದು ಪ್ರಾಣಿಗೆ ಅಥವಾ ಹಿಂಡಿಗೆ ಸಂಬಂಧಿಸಿದ್ದಲ್ಲ. ಸಂತೆಯಲ್ಲಿ ಬಂಡೂರು ಎಂದು ಮಾರುವ ಕುರಿ ಆ ತಳಿಯದೇ ಎಂಬುದಕ್ಕೆ ನೋಡುವವರ ಕಣ್ಣೇ ಆಧಾರ. ಮಾಂಸಕ್ಕೆ ಬೇಡಿಕೆ ಹೆಚ್ಚಿರುವುದರಿಂದ ಚೆನ್ನಾಗಿ ಬೆಳೆದ ಗಂಡುಮರಿಗಳು ಮೊದಲು ಮಾರಾಟವಾಗುತ್ತವೆ. ಬೀಜದ ಟಗರಾಗಿ ಉಳಿಯಬೇಕಾದ ಮರಿ ಹೀಗೆ ಹಿಂಡಿನಿಂದ ಹೊರಹೋಗುವುದು ಮತ್ತು ಬೇರೆ ತಳಿಗಳೊಡನೆ ಮಿಶ್ರಣವಾಗುವುದು ಶುದ್ಧ ತಳಿ ಕ್ಷೀಣಿಸಲು ಮುಖ್ಯ ಕಾರಣಗಳು. ಮಳವಳ್ಳಿ ತಾಲೂಕಿನ ಧನಗೂರಿನಲ್ಲಿರುವ ಸರ್ಕಾರಿ ಕುರಿ ಸಂವರ್ಧನಾ ಕೇಂದ್ರದಲ್ಲಿ ಬಂಡೂರು ತಳಿಯನ್ನು ಸಾಕಲಾಗುತ್ತದೆ.

ಸಂತೆ ಮತ್ತು ಜಾತ್ರೆಗಳು

ಜಾನುವಾರು ವ್ಯಾಪಾರವು ವಾರದ ಸಂತೆಗಳಲ್ಲಿ ಮತ್ತು ದನಗಳ ಜಾತ್ರೆಗಳಲ್ಲಿ ನಡೆಯುತ್ತದೆ. ಕೃಷ್ಣರಾಜಪೇಟೆ ತಾಲೂಕಿನ ಹೇಮಗಿರಿ ಮತ್ತು ಪಾಂಡವಪುರ ತಾಲೂಕಿನ ಬೇಬಿಬೆಟ್ಟದ ಜಾತ್ರೆಗಳು ಜಿಲ್ಲೆಯಲ್ಲಿ ಪ್ರಸಿದ್ಧವಾಗಿವೆ. ಕೊಳ್ಳುವವರು ಹಲ್ಲು, ಸುಳಿ, ನಡಿಗೆಗಳನ್ನು ಪರೀಕ್ಷಿಸುತ್ತಾರೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ರೂಢಿಯೂ ಇದೆ.

ಕೇಂದ್ರ ಸರ್ಕಾರವು 2017ರ ಮೇ 23ರಂದು ಜಾನುವಾರು ಮಾರುಕಟ್ಟೆ ನಿಯಂತ್ರಣ ನಿಯಮಗಳನ್ನು ಪ್ರಕಟಿಸಿತು. ಮಾರುಕಟ್ಟೆಯ ನೋಂದಣಿ, ಜಿಲ್ಲಾ ಮಟ್ಟದ ಸಮಿತಿಯ ಮೇಲ್ವಿಚಾರಣೆ, ವಧೆಗಾಗಿ ಮಾರುವುದಿಲ್ಲವೆಂಬ ಮುಚ್ಚಳಿಕೆ ಮತ್ತು ಕೊಂಡ ದನವನ್ನು 6 ತಿಂಗಳವರೆಗೆ ಮಾರದಿರುವ ನಿರ್ಬಂಧ ಇವುಗಳಲ್ಲಿದ್ದವು. ಮದ್ರಾಸ್ ಉಚ್ಚ ನ್ಯಾಯಾಲಯದ ಮದುರೈ ಪೀಠ ಇದಕ್ಕೆ ತಡೆ ನೀಡಿತು. ಅದೇ ವರ್ಷದ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯನ್ನು ದೇಶಕ್ಕೆಲ್ಲ ವಿಸ್ತರಿಸಿತು.

ಸೋಂಕು ಹರಡಿದಾಗ 2009ರ ಪ್ರಾಣಿ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಡಿ ಸಂತೆ ಮತ್ತು ಸಾಗಾಟವನ್ನು ನಿಷೇಧಿಸಬಹುದು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದಲ್ಲಿ ದನಗಳ ಜಾತ್ರೆ ಮತ್ತು ಸಂತೆಗಳಿಗೆ ನಿರ್ಬಂಧ ಹೇರಲಾಗಿತ್ತು. ದನ ಮತ್ತು ಎಮ್ಮೆಗಳ ಕಿವಿಗೆ 12 ಅಂಕಿಗಳ ಓಲೆ ಹಾಕಿ ಲಸಿಕೆಯ ವಿವರವನ್ನು ದಾಖಲಿಸುವ ವ್ಯವಸ್ಥೆಯೂ ಜಾರಿಯಲ್ಲಿದೆ.

ದುಡಿಮೆ, ಸಾಗಾಟ ಮತ್ತು ಸ್ಪರ್ಧೆ

1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯಿಂದಾಗಿ ಮಂಡ್ಯದಲ್ಲಿ ಕಬ್ಬಿನ ಗಾಡಿ ಎಳೆಯುವುದು ಎತ್ತುಗಳ ದೊಡ್ಡ ಕೆಲಸವಾಯಿತು. 1965ರ ಕೇಂದ್ರ ನಿಯಮಗಳ ಪ್ರಕಾರ ಎತ್ತನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚಾಗಲಿ, ವಿರಾಮವಿಲ್ಲದೆ 5 ಗಂಟೆಗಿಂತ ಹೆಚ್ಚಾಗಲಿ ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಗಾಡಿ ಕಟ್ಟುವಂತಿಲ್ಲ. 1978ರ ಸಾಗಾಟ ನಿಯಮಗಳು ಪಶುವೈದ್ಯರ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿವೆ. ಸಾಮಾನ್ಯ ಲಾರಿಯಲ್ಲಿ 6ಕ್ಕಿಂತ ಹೆಚ್ಚು ದನಗಳನ್ನು ಸಾಗಿಸುವಂತಿಲ್ಲ.

ಎತ್ತಿನಗಾಡಿ ಓಟವು ಜಿಲ್ಲೆಯ ಜನಪ್ರಿಯ ಗ್ರಾಮೀಣ ಸ್ಪರ್ಧೆ. ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರಂದು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳನ್ನು ನಿಷೇಧಿಸಿತು. ಕರ್ನಾಟಕವು ಕಂಬಳ ಮತ್ತು ಎತ್ತಿನಗಾಡಿ ಓಟಕ್ಕೆ ಅವಕಾಶ ಕಲ್ಪಿಸಿ 2017ರಲ್ಲಿ ತಿದ್ದುಪಡಿ ತಂದಿತು. ಸಂವಿಧಾನ ಪೀಠವು 2023ರ ಮೇ 18ರಂದು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಓಟದ ಹೋರಿಗಳಿಗೆ ಒಳ್ಳೆಯ ಬೆಲೆ ಬರುವುದರಿಂದ, ಉಳುಮೆ ಕಡಿಮೆಯಾದ ಮೇಲೂ ಹಳ್ಳಿಕಾರ್ ಸಾಕಲು ಇದು ಒಂದು ಕಾರಣವಾಗಿ ಉಳಿದಿದೆ.

ವಧೆಯ ನಿಯಂತ್ರಣ

ಗೋಹತ್ಯೆ ಪ್ರತಿಬಂಧಕ್ಕೆ ಸಂಬಂಧಿಸಿದ 1964ರ ಕಾಯ್ದೆಯು 12 ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಹೋರಿ, ಎಮ್ಮೆ ಮತ್ತು ಕೋಣಗಳ ವಧೆಗೆ ಪ್ರಮಾಣಪತ್ರದ ಮೇಲೆ ಅವಕಾಶ ನೀಡಿತ್ತು. ಅದರ ಸ್ಥಾನದಲ್ಲಿ ಬಂದ 2020ರ ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯಲ್ಲಿ 13 ವರ್ಷ ದಾಟಿದ ಎಮ್ಮೆ ಮತ್ತು ಕೋಣಗಳಿಗೆ ಮಾತ್ರ ಈ ಅವಕಾಶವಿದೆ. ಬಾಯಿಗೂಡಿದ ನಂತರ ಹಲ್ಲಿನಿಂದ ವಯಸ್ಸನ್ನು ನಿಖರವಾಗಿ ಹೇಳುವುದು ಕಷ್ಟವಾದ್ದರಿಂದ ಪ್ರಮಾಣಪತ್ರವೇ ಇಲ್ಲಿ ನಿರ್ಣಾಯಕ. ಉಲ್ಲಂಘನೆಗೆ 3ರಿಂದ 7 ವರ್ಷಗಳ ಸೆರೆವಾಸ ಮತ್ತು ಮೊದಲ ಅಪರಾಧಕ್ಕೆ ಪ್ರತಿ ಜಾನುವಾರಿಗೆ 50 ಸಾವಿರದಿಂದ 5 ಲಕ್ಷ ರೂಪಾಯಿಗಳವರೆಗೆ ದಂಡವಿದೆ.

ಕುರಿ ಮತ್ತು ಮೇಕೆಗಳು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಅವುಗಳಿಗೆ 2001ರ ಕಸಾಯಿಖಾನೆ ನಿಯಮಗಳು ಅನ್ವಯಿಸುತ್ತವೆ. ಗಬ್ಬವಾಗಿರುವ, 3 ತಿಂಗಳೊಳಗಿನ ಮರಿಯುಳ್ಳ ಅಥವಾ ತಾನೇ 3 ತಿಂಗಳೊಳಗಿನ ಪ್ರಾಣಿಯನ್ನು ವಧಿಸುವಂತಿಲ್ಲ. ದೇವಾಲಯದ ಆವರಣದಲ್ಲಿ ಬಲಿ ಕೊಡುವುದನ್ನು 1959ರ ರಾಜ್ಯ ಕಾಯ್ದೆ ನಿಷೇಧಿಸುತ್ತದೆ.

ಪರಿಣಾಮ ಮತ್ತು ಚರ್ಚೆ

ಈ ಕಾಯ್ದೆಗಳ ದಂಡನೆಗಳ ನಡುವೆ ದೊಡ್ಡ ಅಂತರವಿದೆ. ಪ್ರಾಣಿ ಹಿಂಸೆ ತಡೆಗೆ ಮೂಲವಾದ 1960ರ ಕೇಂದ್ರ ಕಾಯ್ದೆಯು ಹೊಡೆಯುವುದು, ಮಿತಿಮೀರಿ ದುಡಿಸುವುದು, ಮೇವು ನೀರು ಕೊಡದಿರುವುದು ಮೊದಲಾದ ಹಿಂಸೆಗಳಿಗೆ ಮೊದಲ ಸಲ ವಿಧಿಸುವ ದಂಡ 10ರಿಂದ 50 ರೂಪಾಯಿ ಮಾತ್ರ.

2020ರ ಕಾಯ್ದೆಯನ್ನು ಬೆಂಬಲಿಸುವವರು ಅದರಿಂದ ದೇಸಿ ದನಗಳು ಉಳಿಯುತ್ತವೆ ಎನ್ನುತ್ತಾರೆ. ಮುದಿ ಎತ್ತನ್ನು ಮಾರಿ ಬಂದ ಹಣವನ್ನು ಹೊಸ ಜೋಡಿಗೆ ಸೇರಿಸುವ ರೈತನ ಲೆಕ್ಕಾಚಾರ ಇದರಿಂದ ತಪ್ಪಿದೆ, ಸಾಕುವ ಉತ್ಸಾಹವೇ ಕುಂದುತ್ತದೆ ಎಂಬುದು ಟೀಕಾಕಾರರ ವಾದ. ಬಂಡೂರು ಕುರಿಯ ಮಾರಾಟಕ್ಕೆ ಇಂತಹ ಅಡ್ಡಿಯಿಲ್ಲ, ಬೆಲೆಯೂ ಇದೆ. ಆದರೂ ಬೀಜದ ಟಗರನ್ನು ಮಾರದೆ ಉಳಿಸಿಕೊಳ್ಳುವ ಸಾಕಣೆದಾರನಿಗೆ ಆಗುವ ನಷ್ಟವನ್ನು ತುಂಬಿಕೊಡುವ ಏರ್ಪಾಡು ಮೇಲಿನ ಯಾವ ಕಾಯ್ದೆಯಲ್ಲೂ ಇಲ್ಲ.