ಚಂದ್ರವಳ್ಳಿಯ ಬೋಕಿಗಳು

ಗಾಜಿನ ಸಾಮಾನು ತುಂಬಿದ ಪೆಟ್ಟಿಗೆಗಳ ಮೇಲೆ ‘ಫ್ರಾಜೈಲ್’ ಎಂಬ ಇಂಗ್ಲಿಷ್ ಶಬ್ದವನ್ನು ಕೆಂಪಕ್ಷರದಲ್ಲಿ ಬರೆದಿರುವುದನ್ನು ಕಂಡು, ಅದಕ್ಕೆ ಸಮನಾದ ಒಂದೇ ಮಾತನ್ನು ಕನ್ನಡದಲ್ಲಿ ಹುಡುಕಹೊರಟವರಿಗೆ ಅದು ಸುಲಭವಾಗಿ ದೊರೆಯುವುದಿಲ್ಲ. ಸಂಸ್ಕೃತದಿಂದ ‘ಭಂಗುರ’ವನ್ನು ಕರೆತರಬಹುದು, ಆದರೆ ಹೊಳಲ್ಕೆರೆಯ ಸಂತೆಯಲ್ಲಿ ಮಡಕೆ ಕೊಳ್ಳಲು ಕುಳಿತ ಗೃಹಿಣಿ ಆ ಮಾತನ್ನಾಡಿಯಾಳೆ? ಅವಳು ಮಡಕೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟುತ್ತ, ಕಿವಿಗೊಟ್ಟು ಕೇಳುತ್ತಾಳೆ. ಖಣ್ಣೆಂದು ನಾದ ಹೊಮ್ಮಿದರೆ ಬೆಲೆಯ ಮಾತಿಗೆ ತೊಡಗುತ್ತಾಳೆ, ಬೊದ್ದೆಂದರೆ ‘ಇದು ಒಡಕೈತೆ ಕಣಪ್ಪ, ಬೇರೆ ಕೊಡು’ ಎಂದು ಪಕ್ಕಕ್ಕಿಡುತ್ತಾಳೆ. ಕಣ್ಣಿಗೆ ಕಾಣದ ಬಿರುಕನ್ನು ಕಿವಿಯಿಂದ ಹಿಡಿಯುವ ಈ ವಿದ್ಯೆಯೊಡನೆಯೇ ನಮ್ಮ ಚಿತ್ರದುರ್ಗ ಸೀಮೆಯ ಶಬ್ದಭಂಡಾರವೂ ಬೆಳೆದುಬಂದಿದೆ.

ಇಂಗ್ಲಿಷಿನವರು ಕೋಲಿಗೂ ಗಡಿಗೆಗೂ ಒಂದೇ ‘ಬ್ರೇಕ್’ ಎನ್ನುವಲ್ಲಿ ಕನ್ನಡವು ವಸ್ತುವಿನ ಗುಣವನ್ನು ನೋಡಿ ಕ್ರಿಯಾಪದವನ್ನು ಆರಿಸುತ್ತದೆ. ಗಡಿಗೆ ಒಡೆಯುತ್ತದೆ, ಕೋಲು ಮುರಿಯುತ್ತದೆ, ಸೀರೆ ಹರಿಯುತ್ತದೆ, ಮಳೆ ಕಾಣದ ಎರೆಹೊಲ ಬಿರಿಯುತ್ತದೆ. ಅವುಗಳಿಂದಲೇ ಒಡಕು, ಮುರುಕು, ಹರಕು, ಬಿರುಕು ಎಂಬ ಪದಗಳು ಒಂದೇ ಅಚ್ಚಿನಲ್ಲಿ ತೆಗೆದಂತೆ ಹೊರಡುತ್ತವೆ. ಒಳಗೆ ಕಾಳಿಲ್ಲದುದು ಜೊಳ್ಳು, ಒಳಗೆ ತಿರುಳಿಲ್ಲದ ಮರ ಟೊಳ್ಳು, ನೀರು ಕುಡಿದು ಸತ್ತ್ವ ಕಳೆದ ತೊಲೆ ಲಡ್ಡು, ಮೇವಿಲ್ಲದೆ ಸೊರಗಿದ ಎತ್ತು ಬಡಕಲು, ಜ್ವರ ಬಿಟ್ಟೆದ್ದವನು ನಿತ್ರಾಣ. ಇಂಗ್ಲಿಷಿನ ‘ಫ್ರಾಜೈಲ್’ ಮತ್ತು ‘ಫ್ರೇಲ್’ ಎರಡೂ ಒಂದೇ ಲ್ಯಾಟಿನ್ ಮೂಲದಿಂದ ಹುಟ್ಟಿ, ಒಂದು ಪ್ರಾಯಶಃ ವಸ್ತುಗಳ ಪಾಲಿಗೂ ಮತ್ತೊಂದು ಮನುಷ್ಯರ ಪಾಲಿಗೂ ಬಂದುದನ್ನು ನೆನೆದರೆ, ಎಲ್ಲ ಭಾಷೆಗಳೂ ಮೊದಲು ಪಾತ್ರೆ ಪದಾರ್ಥಗಳ ಮುರಿತವನ್ನು ಕಂಡು ತರುವಾಯ ದೇಹದ ದೌರ್ಬಲ್ಯಕ್ಕೆ ಹೆಸರಿಟ್ಟಿರಬೇಕೆಂದು ನನಗೆ ತೋರುತ್ತದೆ. ನಮ್ಮಲ್ಲಿಯೂ ಒಡಕು ಮಡಕೆಯಿಂದಲೇ ಒಡಕು ದನಿ. ಅಣ್ಣತಮ್ಮಂದಿರು ಬೇರೆಯಾದರೆ ಮನೆಯೇ ಒಡೆಯಿತು. ಬಳ್ಳಾರಿಯಲ್ಲಿದ್ದು ಕನ್ನಡ ಕಲಿತ ಪಾದ್ರಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನು ಅಚ್ಚುಹಾಕಿಸಿದಾಗಲೂ, 1894ರಲ್ಲಿ ಕಿಟ್ಟೆಲ್ ಮಹಾಶಯರು ತಮ್ಮ ಮಹಾಕೋಶವನ್ನು ಮಂಗಳೂರಿನಲ್ಲಿ ಹೊರತಂದಾಗಲೂ, ನಾಡಿನ ಜನರ ಬಾಯಿಯ ಮಾತೂ ಅವರಿಗೆ ಗಣಿಯಾಗಿದ್ದಿತು.

ಕುಂಬಾರನ ಬಾಳನ್ನು ನೋಡಿದವರಿಗೆ ಈ ಸೂಕ್ಷ್ಮತೆ ಆಶ್ಚರ್ಯವೆನಿಸದು. ಕೆರೆಯಂಗಳದ ಜೇಡಿಯನ್ನು ತಂದು, ಕಲ್ಲು ಹರಳು ಆರಿಸಿ, ತುಳಿದು ಹದಗೊಳಿಸಿ, ತಿಗರಿಯ ಮೇಲೆ ಎತ್ತಿ, ಹಲಗೆಯಿಂದ ತಟ್ಟಿ, ನೆರಳಿನಲ್ಲಿ ಆರಿಸಿ, ಆವಿಗೆಯಲ್ಲಿ ಸುಟ್ಟು ತೆಗೆಯುವವರೆಗೆ ಯಾವ ಹಂತದಲ್ಲಿ ಅವಸರಪಟ್ಟರೂ ಮಡಕೆ ಸೀಳುತ್ತದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಅನುಭವದಿಂದ ಬಂದದ್ದು. ಮದುವೆಯಲ್ಲಿ ಐರಣಿ ಮಡಕೆಗಳನ್ನು ಕುಂಬಾರರ ಮನೆಯಿಂದ ವಾದ್ಯಸಮೇತ ತರುವ ಜನವೇ ಮಸಣದಲ್ಲಿ ನೀರು ತುಂಬಿದ ಮಡಕೆಗೆ ತೂತುಮಾಡಿ, ಪ್ರದಕ್ಷಿಣೆ ಮುಗಿದೊಡನೆ ಅದನ್ನು ಹಿಂದಕ್ಕೆ ಬೀಳಿಸಿ ಒಡೆಯುತ್ತದೆ. ಬಳೆಯ ವಿಷಯದಲ್ಲಂತೂ ಒಡೆಯಿತೆಂದು ಬಾಯಿಬಿಟ್ಟು ಹೇಳುವುದೇ ಅಮಂಗಳ. ಹಿರಿಯ ಮುತ್ತೈದೆಯರು ‘ಬಳೆ ಹೆಚ್ಚಿತು’ ಎನ್ನುತ್ತಿದ್ದರು.

ಇಷ್ಟು ಬೇಗ ಒಡೆಯುವ ಈ ಮಣ್ಣಿನ ಪಾತ್ರೆಯೇ ಚಿತ್ರದುರ್ಗ ಸೀಮೆಯ ಪ್ರಾಚೀನ ಚರಿತ್ರೆಗೆ ಕಾಲಗಣನೆಯನ್ನು ಒದಗಿಸಿದುದು ವಿಚಾರಾರ್ಹವಾಗಿದೆ. ಏಳು ಸುತ್ತಿನ ಕೋಟೆಯ ಪಕ್ಕದಲ್ಲಿ, ಬೆಟ್ಟಗಳ ನಡುವಣ ಕಣಿವೆಯಾದ ಚಂದ್ರವಳ್ಳಿಯಲ್ಲಿ ಮೊದಲು ಪುರಾತತ್ತ್ವಜ್ಞರಾದ ಆರ್. ನರಸಿಂಹಾಚಾರ್ಯರೂ ತರುವಾಯ 1929ರ ಸುಮಾರಿಗೆ ಡಾ. ಎಂ. ಎಚ್. ಕೃಷ್ಣ ಅವರೂ ನೆಲವನ್ನು ಅಗೆಸಿದರು. ಕದಂಬ ಮಯೂರಶರ್ಮನು ಅಲ್ಲಿಯ ಕೆರೆಯ ಸಂಬಂಧವಾಗಿ ಬರೆಯಿಸಿದ ಪ್ರಾಕೃತ ಶಾಸನ ಬಂಡೆಯ ಮೇಲಿದೆ. ಶಾತವಾಹನರ ಸೀಸದ ನಾಣ್ಯಗಳೂ ರೋಮಿನ ಬೆಳ್ಳಿಯ ನಾಣ್ಯಗಳೂ ಅಲ್ಲಿ ದೊರೆತಿವೆ. 1947ರಲ್ಲಿ ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಪದರ ಪದರವಾಗಿ ಅಗೆಸಿ ನೋಡಿದಾಗ, ಅವರ ಕೈಹಿಡಿದು ನಡೆಸಿದವು ನಾವು ಕಾಲಿಂದ ಒದ್ದು ಹೋಗುವ ಬೋಕಿಗಳು, ಎಂದರೆ ಒಡೆದ ಮಡಕೆಯ ಚೂರುಗಳು. ಹಲ್ಲುಚಕ್ರ ಉರುಳಿಸಿದಂತೆ ತಳದಲ್ಲಿ ಸಣ್ಣ ಗೀರುಗಳ ಸುತ್ತುಗಳುಳ್ಳ ಒಂದು ಬಗೆಯ ನಯವಾದ ಪಾತ್ರೆಯ ಚೂರುಗಳು ಎರಡೂ ಕಡೆ ಸಿಕ್ಕವು. ಅಂಥವೇ ಚೂರುಗಳು ಎರಡು ವರ್ಷಗಳ ಹಿಂದೆ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ರೋಮನ್ ಪದಾರ್ಥಗಳೊಡನೆ ದೊರೆತಿದ್ದುದರಿಂದ, ಆ ಪದರವು ಕ್ರಿಸ್ತಶಕದ ಆದಿಭಾಗದ್ದೆಂದು ನಿರ್ಣಯಿಸಲು ಸಾಧ್ಯವಾಯಿತು. ಅದರ ಕೆಳಗೆ ಒಳಗೂ ಅಂಚೂ ಕಪ್ಪು, ಹೊರಗೆ ಕೆಂಪಾದ ಬೃಹತ್‌ಶಿಲಾ ಸಮಾಧಿಗಳ ಕಾಲದ ಮಡಕೆಗಳು. ಅವುಗಳಿಗೂ ಕೆಳಗೆ ಕಲ್ಲುಕೊಡಲಿಯ ಜನರವು. ಮಡಕೆ ಬೇಗ ಒಡೆಯುವುದರಿಂದ ಹೊಸತನ್ನು ಮಾಡಲೇಬೇಕಾಗುತ್ತದೆ, ಹೊಸತನ್ನು ಮಾಡುವಾಗ ಕಂಠದ ತಿರುವು, ಬಣ್ಣದ ಲೇಪ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತವೆ, ಒಡೆದ ಚೂರು ಮಾತ್ರ ಕೊಳೆಯದೆ ತುಕ್ಕುಹಿಡಿಯದೆ ಬಿದ್ದಲ್ಲಿಯೇ ಉಳಿಯುತ್ತದೆ. ಆದುದರಿಂದಲೇ ಕಾಲದ ವಿಷಯದಲ್ಲಿ ಬೋಕಿಯಷ್ಟು ನಂಬಿಕೆಯ ಸಾಕ್ಷಿ ಮತ್ತೊಂದಿಲ್ಲ.

ಮತ್ತೆ ಮಾತಿನ ಕಡೆಗೆ ಬಂದರೆ, ಮಣ್ಣಿನ ಕಟ್ಟೆಯ ಕೆರೆಗಳನ್ನು ನಂಬಿದ ಹೊಸದುರ್ಗ, ಹಿರಿಯೂರುಗಳ ಬಯಲಿನಲ್ಲಿ ‘ಕೆರೆ ಒಡೆಯಿತು’ ಎಂಬುದು ಮಡಕೆಯ ಮಾತನ್ನೇ ನಾಡಿನ ಆಪತ್ತಿಗೆ ಹೊಂದಿಸಿದ ಪ್ರಯೋಗವಾಗಿದೆ. ಕೆರೆಯೂ ಆ ಬಯಲಿನ ಜನರ ಪಾಲಿಗೆ ಒಂದು ದೊಡ್ಡ ಗುಡಾಣವೇ. ವೇದಾವತಿಗೆ ಅಡ್ಡಲಾಗಿ 1898ರಿಂದ 1907ರ ವರೆಗೆ ಮಾರಿಕಣಿವೆಯಲ್ಲಿ ಕಲ್ಲಿನ ಅಣೆಕಟ್ಟು ಎದ್ದುನಿಂತ ಮೇಲೂ ಆ ಮಾತು ಉಳಿದುಕೊಂಡಿತು.

ಈಗ ಸ್ಟೀಲು, ಪ್ಲಾಸ್ಟಿಕ್ಕು ಬಂದು ಹರವಿ, ವಾಡೆ, ಗುಡಾಣಗಳು ಅಡುಗೆಮನೆಯಿಂದ ಹೊರಟಿವೆ. ಜ್ವರದಿಂದೆದ್ದವನೂ ಲಡ್ಡು ತೊಲೆಯೂ ಒಂದೇ ‘ವೀಕು’ ಎಂಬ ಮಾತಿಗೆ ಒಳಗಾಗಿವೆ. ಸೀಮೆಯ ಕುಂಬಾರರ ಮನೆಗಳಲ್ಲಿ ಇನ್ನೂ ತಿಗರಿ ತಿರುಗುತ್ತಿರುವಾಗಲೇ ಅವರ ಬಾಯಿಯ ಮಾತುಗಳನ್ನು ಯಾರಾದರೂ ಕುಳಿತು ಬರೆದುಕೊಳ್ಳಬೇಕು. ಚಂದ್ರವಳ್ಳಿಗೆ ಹೋದಾಗ ಕಾಲಬಳಿ ಕೆಂಪು ಚೂರೊಂದು ಕಂಡರೆ ದಯಮಾಡಿ ಅದನ್ನು ಜೇಬಿಗೆ ಹಾಕಿಕೊಳ್ಳಬೇಡಿ. ಬಿದ್ದ ಜಾಗದಿಂದ ಎತ್ತಿದ ಬೋಕಿ ತನ್ನ ಕಾಲವನ್ನು ಹೇಳಲಾರದು.